ಗುಡ್ಡದ ಮೇಲೆ ಹಿಡಿದ ಫೋಕಸ್

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಹೆಂಡತಿ ಬದುಕಿದ್ದಾಗ ಅವಳ ಕಣ್ಣೆದುರು ಬೇಡವೆಂದು ಬಿಟ್ಟೆ. ಅವಳು ಹೋದ ಮೇಲೆ ಮನಸ್ಸು ನೆಟ್ಟಗಿಲ್ಲವೆಂದು ಬಿಟ್ಟೆ. ಆಮೇಲೆ ಕಣ್ಣಿಗೆ ಪೊರೆ ಬಂತು. ಅಕ್ಷರವೇ ಕಾಣುತ್ತಿಲ್ಲ, ಇನ್ನೇನು ಬರೆಯುವುದು ಎಂದೆ. ಹೋದ ಚಳಿಗಾಲ ಎರಡೂ ಕಣ್ಣಿನ ಆಪರೇಷನ್ ಆಯಿತು. ಈಗ ಗೋಡೆಯ ಮೇಲೆ ಹರಿಯುವ ಇರುವೆಯೂ ಕಾಣುತ್ತದೆ. ನೆಪಗಳು ಮುಗಿದಿವೆ.

ನಾನು ಸುರಪುರದವನು. ಹತ್ತನೇ ಇಯತ್ತೆ ಮುಗಿಸಿ, ಶಹಾಪುರದ ಒಬ್ಬ ಉಸ್ತಾದರ ಸ್ಟುಡಿಯೋದಲ್ಲಿ ಕೆಲಸ ಕಲಿತು, ಆಮೇಲೆ ಯಾದಗಿರಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಮೂವತ್ತೈದು ವರ್ಷ ಈ ಮೂರು ಊರುಗಳ ಮದುವೆಗಳ ಫೋಟೋ ತೆಗೆದೆ. ಉಸ್ತಾದರ ಕಾಲದ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಇರಲಿಲ್ಲ. ಎಡಗೈಯ ಎರಡು ಬೆರಳಲ್ಲಿ ಲೆನ್ಸಿನ ರಿಂಗ್ ತಿರುಗಿಸುತ್ತ, ಎದುರಿನವರ ರೆಪ್ಪೆಗೂದಲು ಒಂದೊಂದಾಗಿ ಬಿಡಿಸಿ ಕಾಣುವವರೆಗೆ ಉಸಿರು ಹಿಡಿದು ನಿಲ್ಲಬೇಕಿತ್ತು. ಅವರು ಕಲಿಸಿದ ಒಂದು ಪಾಠವನ್ನು ಇಲ್ಲೇ ಹೇಳಬೇಕು, ಯಾಕೆಂದರೆ ಮುಂದೆ ಅದನ್ನೇ ನಾನು ಕೆಟ್ಟ ಕೆಲಸಕ್ಕೆ ಬಳಸಿದೆ. ಒಂದು ದಿನ ನನ್ನನ್ನು ಸ್ಟುಡಿಯೋದ ಕನ್ನಡಿಯ ಮುಂದೆ ನಿಲ್ಲಿಸಿ ಅವರು ಹೇಳಿದರು:

"ಕನ್ನಡಿ ಒಳಗಿನ ಮುಖ ಕನ್ನಡಿ ಮ್ಯಾಲ ಇರಂಗಿಲ್ಲ, ತಿಳೀತಾ? ಕನ್ನಡಿ ಆಚಿಗೆ ಇರತದ. ಈ ಕಡಿ ಎಷ್ಟು ದೂರನೋ ಆ ಕಡಿ ಅಷ್ಟೇ ದೂರ. ಕನ್ನಡಿ ಅಂಚಿಗೆ ಫೋಕಸ್ ಹಿಡದಿ ಅಂದ್ರ ಮುಖ ಹೋತು. ಮುಖಕ್ಕ ಹಿಡಿ."

ಈ ಬರಹ ಒಬ್ಬ ಹೆಣ್ಣುಮಗಳ ವಿಷಯ. ಆಕೆ ಶಹಾಪುರದವಳು, ಆಕೆಯದೂ ಕ್ಯಾಮೆರಾ ಕೆಲಸವೇ. ನನ್ನನ್ನು ಚಾಚಾ ಎಂದು ಕರೆಯುತ್ತಿದ್ದಳು. ಆಕೆ ಯಾರ ಮಗಳು ಎಂಬುದನ್ನು ಈಗಲೇ ಬರೆಯಲು ಕೈ ಏಳುತ್ತಿಲ್ಲ. ಕೊನೆಯಲ್ಲಿ ಬರೆಯುತ್ತೇನೆ.

ನಮ್ಮ ಕಡೆ ಮುಸ್ಲಿಮರ ಮದುವೆಯಲ್ಲಿ ಜಲ್ವಾ ಎಂಬ ಒಂದು ಶಾಸ್ತ್ರವಿದೆ. ನಿಕಾಹ್ ಆದ ಮೇಲೆ ಗಂಡುಹೆಣ್ಣನ್ನು ಎದುರುಬದುರು ಕೂರಿಸಿ, ಇಬ್ಬರ ತಲೆಯ ಮೇಲೂ ಒಂದೇ ಕೆಂಪು ಬಟ್ಟೆ ಹೊದಿಸಿ, ನಡುವೆ ಕನ್ನಡಿ ಇಡುತ್ತಾರೆ. ಒಬ್ಬರ ಮುಖ ಒಬ್ಬರು ಆ ಕನ್ನಡಿಯಲ್ಲೇ ಮೊದಲು ನೋಡಬೇಕು. ನಡೆಯುವುದು ಹೆಂಗಸರ ಕೋಣೆಯಲ್ಲಿ; ಮದುಮಗನೊಬ್ಬನನ್ನು ಬಿಟ್ಟರೆ ಬೇರೆ ಗಂಡಸರು ಹೋಗುವಂತಿಲ್ಲ. ಇಡೀ ಮದುವೆ ಆಲ್ಬಮ್ಮಿನಲ್ಲಿ ಜನ ಮೊದಲು ತೆರೆದು ನೋಡುವ ಪುಟವೂ ಅದೇ. ನಾನು ಪರದೆಯ ಆಚೆ ನಿಂತು, ಕ್ಯಾಮೆರಾವನ್ನು ಮನೆಯ ಯಾರಾದರೂ ಹೆಣ್ಣುಮಗಳ ಕೈಗೆ ಕೊಟ್ಟು "ಇದನ್ನ ಒತ್ರಿ ಸಾಕು" ಎನ್ನುತ್ತಿದ್ದೆ. ಬಂದಷ್ಟು ಬಂತು. ಮೂವತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಆಕೆ ಕ್ಯಾಮೆರಾ ಹಿಡಿದಳು. ಬುರ್ಖಾದ ಒಳಗಿಂದ ಬೆಲ್ಟ್ ತೂಗಿಸಿಕೊಂಡು ಹೆಂಗಸರ ಕೋಣೆಗೆ ಸೀದಾ ನಡೆದುಹೋಗುತ್ತಿದ್ದಳು. ಅವಳ ಜಲ್ವಾ ಫೋಟೋಗಳಲ್ಲಿ ಮದುಮಗಳ ಮುಖ ಕನ್ನಡಿಯೊಳಗೆ ನೀರಿನಲ್ಲಿ ತೇಲಿದಂತೆ ಸ್ಪಷ್ಟವಾಗಿ ಇರುತ್ತಿತ್ತು. ಮೊದಲು ಹೆಂಗಸರ ಕಡೆಯ ಫೋಟೋ ಮಾತ್ರ ಅವಳಿಗೆ ಹೋಯಿತು. ಎರಡು ವರ್ಷದಲ್ಲಿ ಪೂರ್ತಿ ಮದುವೆಯೇ ಹೋಗತೊಡಗಿತು. ಶಹಾಪುರದ ನನ್ನ ಹಳೇ ಗಿರಾಕಿಯೊಬ್ಬರು ನಗುತ್ತಲೇ ಹೇಳಿದರು: "ಸಿಟ್ಟಾಗಬ್ಯಾಡ್ರಿ. ಗಂಡಸರ ಫೋಟೋ ಯಾರ ತಗದ್ರೇನು? ಆಲ್ಬಮ್ ನೋಡಾವ್ರು ಹೆಣ್ಮಕ್ಕಳೇ ಅಲ್ಲೇನ್ರಿ?" ನಾನೂ ನಕ್ಕೆ. ನಗುವಾಗ ಹಲ್ಲು ಕಚ್ಚಿಕೊಂಡಿದ್ದೆ.

ಇನ್ನು ಲೆನ್ಸಿನ ವಿಷಯ.

ನನ್ನ ಹತ್ತಿರ ಒಂದು ಇಪ್ಪತ್ನಾಲ್ಕು-ಎಪ್ಪತ್ತು ಲೆನ್ಸ್ ಇತ್ತು. ಹತ್ತಿರದ್ದನ್ನೂ ಸ್ವಲ್ಪ ದೂರದ್ದನ್ನೂ ಒಂದರಲ್ಲೇ ತೆಗೆಯಬಹುದು. ತನ್ನ ಕಣ್ಣನ್ನು, ಅಂದರೆ ಬೆಳಕು ಒಳಬಿಡುವ ಕಿಂಡಿಯನ್ನು, ಅಗಲವಾಗಿ ತೆರೆಯುವುದರಿಂದ ಕಡಿಮೆ ಬೆಳಕಿನಲ್ಲೂ ನಡೆಯುತ್ತದೆ. ಒಮ್ಮೆ ಹತ್ತಿಕುಣಿ ಕೆರೆಯ ಏರಿಯ ಮೇಲೆ, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಯನ್ನು ನಿಲ್ಲಿಸಿ ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ. ಬ್ಯಾಗಿನ ಜಿಪ್ ಹಾಕಿರಲಿಲ್ಲ. ಲೆನ್ಸ್ ಜಾರಿ ಕಲ್ಲಿನ ಮೇಲೆ ಬಿತ್ತು, ಎರಡು ಕಲ್ಲು ದಾಟಿ ಉರುಳಿ ನಿಂತಿತು. ಗಾಜು ಒಡೆದಿರಲಿಲ್ಲ, ಹೊರಗೆ ಒಂದು ಗೀರೂ ಇರಲಿಲ್ಲ. ಕೆರವಿನ ಧೂಳು ಒರೆಸುವಂತೆ ಒರೆಸಿ ಒಳಗಿಟ್ಟೆ.

ಆ ವಾರದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಮುಖಗಳು ಮಸುಕು, ಕಿವಿಗಳು ಸ್ಪಷ್ಟ. ಮೊದಲು ನನ್ನ ಕೈಯೇ ತಪ್ಪಿತೆಂದುಕೊಂಡೆ. ಮಧ್ಯಾಹ್ನ ಗಿರಾಕಿ ಇಲ್ಲದಾಗ ಕೌಂಟರಿನ ಮೇಲೆ ಐದು ಬೆಂಕಿಪೊಟ್ಟಣಗಳನ್ನು ಒಂದರ ಹಿಂದೆ ಒಂದು ಓರೆಯಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ನಡುವಿನ ಪೊಟ್ಟಣಕ್ಕೆ ಫೋಕಸ್ ಹಿಡಿದೆ. ಕ್ಯಾಮೆರಾ ಬೀಪ್ ಎಂದಿತು, ಹಸಿರು ದೀಪ ಹೊತ್ತಿತು. ಫೋಟೋದಲ್ಲಿ ಅಚ್ಚು ಓದುವಂತಿದ್ದದ್ದು ಅದರ ಹಿಂದಿನ ಪೊಟ್ಟಣ. ಹತ್ತು ಸಲ ತೆಗೆದೆ, ಹತ್ತೂ ಸಲ ಹಿಂದಿನದೇ. ಜೂಮ್ ಪೂರ್ತಿ ಹಿಂದಕ್ಕೆ ತಂದು ಇಪ್ಪತ್ನಾಲ್ಕರಲ್ಲಿ ತೆಗೆದರೆ ಸರಿ, ಎಪ್ಪತ್ತಕ್ಕೆ ಹೋದರೆ ತಪ್ಪು. ಲೆನ್ಸಿನ ಕಣ್ಣು ಸಣ್ಣ ಮಾಡಿದರೆ ತಪ್ಪು ಮುಚ್ಚಿಹೋಗುತ್ತದೆ, ಅಗಲ ಮಾಡಿದರೆ ಎದ್ದು ಕಾಣುತ್ತದೆ. ದೂರದ್ದಕ್ಕೆ ಏನೂ ಆಗುವುದಿಲ್ಲ. ಕೈಯಿಂದ ರಿಂಗ್ ತಿರುಗಿಸಿ ಹಿಡಿದರೆ ಎಲ್ಲವೂ ಸರಿ. ಅಂದರೆ ಕಡಿಮೆ ಬೆಳಕಿನಲ್ಲಿ, ಹತ್ತಿರದ ಮುಖಕ್ಕೆ, ಆಟೋಫೋಕಸ್ ನಂಬಿದವನಿಗೆ ಮಾತ್ರ ಈ ಲೆನ್ಸ್ ಮೋಸ ಮಾಡುತ್ತದೆ. ಬೀಪ್ ಎಂದು ಹೇಳಿಯೇ ಮೋಸ ಮಾಡುತ್ತದೆ.

ಹೈದರಾಬಾದಿಗೆ ಒಯ್ದೆ. ರಿಪೇರಿಯವನು ಬಿಚ್ಚಿ ನೋಡಿ, "ಅಂದರ್ ಕಾ ಶೀಶಾ ಟೇಢಾ ಹೋಗಯಾ. ಸೀಧಾ ನೈ ಹೋತಾ. ಬೇಚ್ ಡಾಲೋ" ಎಂದ. ಒಳಗಿನ ಗಾಜು ಸೊಟ್ಟಗಾಗಿದೆ, ನೆಟ್ಟಗಾಗುವುದಿಲ್ಲ, ಮಾರಿಬಿಡಿ. ರೈಲಿನಲ್ಲಿ ಮರಳಿ ಬರುವಾಗ ತಲೆಯಲ್ಲಿ ಉಳಿದದ್ದು ಕೊನೆಯ ಮಾತೊಂದೇ.

ಸರಿಯಾಗಿ ಅದೇ ತಿಂಗಳು ಆಕೆ ಯಾದಗಿರಿಗೆ ಬಂದಳು.

"ಚಾಚಾ, ಹೆಂಗಸರ ಕೋಣ್ಯಾಗ ಒಂದ ಟ್ಯೂಬ್‌ಲೈಟ್ ಇರತದ್ರಿ. ಫ್ಲ್ಯಾಶ್ ಹೊಡದ್ರ ಕನ್ನಡಿ ತುಂಬಾ ಬೆಳಕ ಕಾಣ್ತದ. ಸೆಕೆಂಡ್ ಹ್ಯಾಂಡ್ ಚೌಬೀಸ್-ಸತ್ತರ್ ಲೆನ್ಸ್ ಎಲ್ಲಾರ ಸಿಗತದೇನ್ರಿ? ನೀವು ನೋಡಿ ಕೊಟ್ರ ನನಗ ಚಿಂತಿ ಇಲ್ಲ."

ನೀವು ನೋಡಿ ಕೊಟ್ಟರೆ ಎಂದಳು. ನಾನು ಕಪಾಟಿನಿಂದ ಆ ಇಪ್ಪತ್ನಾಲ್ಕು-ಎಪ್ಪತ್ತನ್ನೇ ತೆಗೆದೆ. "ಎಲ್ಲ್ಯಾಕ ಹುಡುಕ್ತಿ ಬೇಟಿ? ನಂದೇ ಅದ. ನನಗ ವಯಸ್ಸಾತು, ಭಾರ ಹೊರಲಾಕ ಆಗವಲ್ದು. ನೀ ತಗೊ."

ತಗೊಳ್ಳುವ ಮೊದಲು ಪರೀಕ್ಷೆ ಮಾಡಿ ತೋರಿಸಬೇಕಲ್ಲ? ಅಂಗಡಿಯ ಬಾಗಿಲಿಗೆ ಕರೆದುಕೊಂಡು ಹೋದೆ. ಹೊರಗೆ ಸುಡು ಬಿಸಿಲು. ಎದುರಿಗೆ ಕೋಟೆಯ ಗುಡ್ಡ. ಲೆನ್ಸಿನ ಕಣ್ಣು ಸಣ್ಣ ಮಾಡಿ, ಕೋಟೆಯ ಗೋಡೆಗೆ ಫೋಕಸ್ ಹಿಡಿದು, ಒತ್ತಿ, ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಗೋಡೆಯ ಕಲ್ಲು ಕಲ್ಲಿನ ಸಂದು ಎಣಿಸಬಹುದಿತ್ತು. ಸಂದಿನಲ್ಲಿ ಬೆಳೆದ ಹುಲ್ಲೂ ಕಾಣುತ್ತಿತ್ತು.

"ಹಾಯ್ ಅಲ್ಲಾ!" ಎಂದಳು ಆಕೆ. ಬೆಲೆ ಜಗ್ಗಲೇ ಇಲ್ಲ. ಅದನ್ನು ದುಪಟ್ಟಾದಲ್ಲಿ ಕೂಸನ್ನು ಸುತ್ತಿದಂತೆ ಸುತ್ತಿಕೊಂಡು ಶಹಾಪುರದ ಬಸ್ಸು ಹತ್ತಿದಳು.

ಸಂಜೆ ಊಟಕ್ಕೆ ಕುಳಿತಾಗ ಹೆಂಡತಿ ಕೇಳಿದಳು: "ಹತ್ತಿಕುಣ್ಯಾಗ ಬಿದ್ದ ಲೆನ್ಸಾ ಕೊಟ್ಟಿದ್ದು?"

"ಹೂಂ."

"ಬಿದ್ದದ್ದಂತ ಹೇಳಿ ಕೊಟ್ರಿ?"

"ಆಕಿ ಕೇಳಲಿಲ್ಲ."

"ಕೇಳಲಿಲ್ಲಂತ! ಬಿದ್ದದ್ದೇನು ಅಂತ ಕೇಳಾಕ ಆಕಿಗಿ ಕನಸು ಬಿದ್ದಿತ್ತೇನು?" ರೊಟ್ಟಿಯನ್ನು ತಟ್ಟೆಗೆ ಹಾಕಲಿಲ್ಲ, ಎಸೆದಳು. "ದೂರಿಂದ ಬಂದಾಕಿ. ನಾಳೆ ಫೋನ್ ಮಾಡ್ರಿ."

ನಾಳೆ ಮಾಡಲಿಲ್ಲ.

ತಿಂಗಳಾಗುವುದರೊಳಗೆ ಆಕೆಯೇ ಬಂದಳು. "ಚಾಚಾ, ಒಮ್ಮೊಮ್ಮಿ ಹಿಡೀಲಾಕತ್ತಿಲ್ರಿ. ಬೀಪ್ ಅಂತದ, ಫೋಟೋ ನೋಡಿದ್ರ ಮುಖ ಮಸುಕು." ಇಲ್ಲಿ ನನ್ನ ದೊಡ್ಡ ಪಾಪ ಶುರುವಾಗುತ್ತದೆ. ಮಾರಿದ್ದು ಒಂದು ಗಳಿಗೆಯ ಕೆಟ್ಟ ಬುದ್ಧಿ ಎನ್ನಬಹುದು. ಮುಂದಿನದು ಹಾಗಲ್ಲ. ನಾನು ಅಂಗಿಯ ತೋಳು ಏರಿಸಿ ರಿಪೇರಿಗೆ ಕುಳಿತೆ. ಲೆನ್ಸಿನ ಹಿಂದಿನ ಹಿತ್ತಾಳೆ ಚುಕ್ಕೆಗಳನ್ನು ತೋರಿಸಿ, "ಇಲ್ಲಿ ಬೆವರು ಕುಂತದ, ಕ್ಯಾಮೆರಾಕ್ಕೂ ಲೆನ್ಸಿಗೂ ಮಾತು ಹೋಗವಲ್ದು" ಎಂದು ರಬ್ಬರಿನಿಂದ ತಿಕ್ಕಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಕೊಟ್ಟೆ. ಪಕ್ಕದ ಗುಂಡಿ ಅರ್ಧಕ್ಕೆ ನಿಲ್ಲದಂತೆ ಪೂರ್ತಿ ಆಟೋ ಕಡೆಗೆ ಸರಿಸುವುದನ್ನು ತೋರಿಸಿದೆ. ಮತ್ತೆ ಬಾಗಿಲಿಗೆ ಹೋಗಿ ಗುಡ್ಡದ ಫೋಟೋ ತೆಗೆದೆ. ಮತ್ತೆ ಕಲ್ಲಿನ ಸಂದುಗಳು ಕಂಡವು. ಆಕೆ ನಾಚಿಕೊಂಡು, ನಿಮಗೆ ತ್ರಾಸು ಕೊಟ್ಟೆ ಎಂದು ಹೋದಳು.

ಎರಡನೇ ಸಲ ಬಂದಾಗ ಕ್ಯಾಮೆರಾದ ಸೆಟ್ಟಿಂಗು ಹಿಡಿದೆ. ಫೋಕಸಿನ ಒಂಬತ್ತು ಚುಕ್ಕೆ ಬಿಟ್ಟು ನಡುವಿನ ಒಂದೇ ಚುಕ್ಕೆಯಿಂದ ಹಿಡಿ ಎಂದೆ. ಫೋಕಸ್ ಹಿಡಿದ ಮೇಲೆ ನೀನು ಮುಂದೆ ಹಿಂದೆ ವಾಲುತ್ತೀ ಎಂದೆ. ಶಟರ್ ನಿಧಾನ ಇಟ್ಟಿದ್ದೀ, ಕೈ ಅಲ್ಲಾಡಿದ್ದು ಬಂದಿದೆ ಎಂದೆ. ಹೇಳಿದ್ದೆಲ್ಲ ಸರಿಯಾದ ಮಾತೇ. ಯಾವ ಫೋಟೋದವನನ್ನು ಕೇಳಿದರೂ ಇವನ್ನೇ ಹೇಳುತ್ತಾನೆ. ಆಕೆ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೌಂಟರಿನ ಕೆಳಗಿನ ಖಾನೆಯಲ್ಲಿ ಐದು ಬೆಂಕಿಪೊಟ್ಟಣಗಳಿದ್ದವು. ಅವನ್ನು ಮೇಲಿಟ್ಟಿದ್ದರೆ ಒಂದು ನಿಮಿಷದ ಕೆಲಸ. "ಆಟೋ ಬಿಡು, ಕೈಯಿಂದ ಹಿಡಿ" ಎಂಬ ನಾಲ್ಕು ಮಾತು ಹೇಳಿದ್ದರೂ ಆಕೆ ಉಳಿಯುತ್ತಿದ್ದಳು. ಯಾಕೆಂದರೆ ಆಕೆಗೆ ಕೈಯಿಂದ ಹಿಡಿಯುವುದು ಬರುತ್ತಿತ್ತು. ನನಗಿಂತ ಚೆನ್ನಾಗಿ ಬರುತ್ತಿತ್ತು.

ಮೂರನೇ ಸಲ ಅದನ್ನು ಆಕೆಯೇ ಹೇಳಿದಳು. "ಚಾಚಾ, ಕೈಲೇ ಹಿಡದ್ರ ಹ್ಯಾಂಗ್ರಿ? ಮೊದಲಿನಂಗ?"

ನಾನು ಸಿಕ್ಕಿಬೀಳುವ ಹಾದಿ ಅದೊಂದೇ. ಕೈಯಿಂದ ಹಿಡಿದು ಸರಿ ಬಂದರೆ, ಆಟೋದಲ್ಲಿ ಯಾಕೆ ತಪ್ಪುತ್ತದೆ ಎಂದು ಆಕೆ ಯೋಚಿಸುತ್ತಾಳೆ. ಯೋಚಿಸಿದರೆ ತಿಳಿಯುತ್ತದೆ.

"ಕೈಲೇ ಹಿಡೀಲಾಕ ಕಣ್ಣು ಬೇಕಲ್ಲ ಬೇಟಿ," ಎಂದೆ. "ನಿನ್ನ ಕಣ್ಣು ಯಾವಾಗ ಟೆಸ್ಟ್ ಮಾಡಿಸಿದ್ದಿ?"

"ಕಣ್ಣಾ? ನನಗ ಚೊಲೋ ಕಾಣ್ತದಲ್ರಿ."

"ಎಲ್ಲಾರೂ ಹಂಗೇ ಅಂತಾರ. ಕಾಣದಿದ್ದದ್ದು ಕಾಣಲ್ಲ ಅಂತ ಹ್ಯಾಂಗ ತಿಳೀತದ? ಕಣ್ಣಿನ ಮ್ಯಾಲ ಭರೋಸಾ ಇಡಬ್ಯಾಡ. ಮಷಿನ್ ಮ್ಯಾಲ ಇಡು."

ಮುಂದಿನ ಸಲ ಸಿಕ್ಕಾಗ ಆಕೆ ಚಷ್ಮಾ ಹಾಕಿಕೊಂಡಿದ್ದಳು. "ನಂಬರ್ ಏನೂ ಇಲ್ಲ, ಬ್ಯಾಡ ಅಂದ್ರು ಡಾಕ್ಟರ್," ಎಂದಳು. "ನಾನೇ ಕೇಳಿ ತಗೊಂಡೀನ್ರಿ. ಚಾಚಾ ಅಂದಾರ ಅಂದ್ರ ಏನರ ಇರಲೇಬೇಕಲ್ಲ."

ಮನೆಗೆ ಬಂದು ಇದನ್ನು ಹೆಂಡತಿಗೆ ಹೇಳಲಿಲ್ಲ. ಹೇಳದ ಮೊದಲ ಸಂಗತಿ ಅದು.

ಸುರಪುರದ ಒಂದು ದೊಡ್ಡ ಮದುವೆಯಲ್ಲಿ ಆದದ್ದು ಆಯಿತು. ಜಲ್ವಾದ ನಲವತ್ತು ಫೋಟೋ ತೆಗೆದಿದ್ದಾಳೆ. ನಲವತ್ತರಲ್ಲಿಯೂ ಕನ್ನಡಿಯೊಳಗಿನ ಮದುಮಗಳ ಮುಖ ಮಸುಕು. ಕಣ್ಣಿನ ಮೇಲೆ ನಂಬಿಕೆ ಕಳೆದುಕೊಂಡು ಬೀಪ್ ಶಬ್ದವನ್ನೇ ನಂಬಿ ಒತ್ತಿದ್ದಳು. ಮದುಮಗ ನಾಲ್ಕನೇ ದಿನಕ್ಕೆ ಸೌದಿಗೆ ಹೊರಟುಹೋಗಿದ್ದ. ಮತ್ತೆ ಕೂರಿಸಿ ತೆಗೆಯುವಂತೆಯೂ ಇರಲಿಲ್ಲ, ಮೊದಲ ಸಲ ಮುಖ ನೋಡುವುದು ಎರಡನೇ ಸಲ ಆಗುವುದೂ ಇಲ್ಲ.

ಮೂರು ಊರಿನ ಫೋಟೋದವರಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿಯ ತಕರಾರು ಬಂದರೆ ಕ್ಯಾಮೆರಾ, ಲೆನ್ಸ್ ಎರಡನ್ನೂ ಎಲ್ಲರ ಮುಂದೆ ಮೇಜಿನ ಮೇಲೆ ಇಡಬೇಕು. ಹಿರಿಯನೊಬ್ಬ ಪರೀಕ್ಷಿಸಿ ಎರಡರಲ್ಲಿ ಒಂದು ಮಾತು ಹೇಳಬೇಕು: ಮಷಿನ್ ತಪ್ಪು, ಇಲ್ಲವೇ ಕೈ ತಪ್ಪು. ಮಷಿನ್ ತಪ್ಪಾದರೆ ಯಾರ ಹೆಸರಿಗೂ ಮಸಿ ಇಲ್ಲ; ಆ ಮನೆಯ ಮುಂದಿನ ಕಾರ್ಯವನ್ನು ಎಲ್ಲರೂ ಸೇರಿ ಪುಕ್ಕಟೆ ಮಾಡಿಕೊಡುತ್ತೇವೆ. ಕೈ ತಪ್ಪಾದರೆ ಅವನ ಕೆಲಸ ಮುಗಿದಂತೆ. ಮಾತು ಮೂರು ಊರಿಗೂ ಹಬ್ಬುತ್ತದೆ, ಮದುವೆಗೆ ಯಾರೂ ಕರೆಯುವುದಿಲ್ಲ. ಆಕೆಯ ಮನೆಯಲ್ಲಿ ದುಡಿಯುವ ಕೈ ಅದೊಂದೇ. ಹಿರಿಯ ಎಂದು ಕುರ್ಚಿ ಹಾಕಿ ಕೂರಿಸಿದ್ದು ನನ್ನನ್ನೇ.

ಶಹಾಪುರದ ಒಂದು ಫಂಕ್ಷನ್ ಹಾಲಿನ ಪಡಸಾಲೆಯಲ್ಲಿ ಸೇರಿದ್ದೆವು. ಮದುಮಗಳ ಸೋದರಮಾವ ಬಂದಿದ್ದರು. ಹೋಟೆಲಿನಿಂದ ಚಹಾ ಬಂದಿತ್ತು. ಸೋದರಮಾವ ಲೆನ್ಸ್ ಎತ್ತಿ ತೂಗಿ ನೋಡಿ ಕೇಳಿದರು:

"ಇದು ಎಲ್ಲಿಂದು? ಹಳೇದು ಕಾಣ್ತದ."

ಆಕೆ ಗೋಡೆಯ ಪಕ್ಕ ನಿಂತಲ್ಲಿಂದಲೇ ಹೇಳಿದಳು: "ಚಾಚಾರದು ಇತ್ರಿ, ನನಗ ಕೊಟ್ರು. ಮೂರು ಸಲ ನೋಡ್ಯಾರ, ಸಾಫ್ ಮಾಡಿ ಕೊಟ್ಟಾರ. ಲೆನ್ಸಿನ ಮಾತ ಬ್ಯಾಡ್ರಿ, ಅದು ಚೊಲೋ ಅದ."

ನನ್ನ ಲೆನ್ಸಿನ ಪರವಾಗಿ ಆಕೆ ನಿಂತಳು. ಅಷ್ಟು ಹೊತ್ತಿಗೂ ನಾನು ಸತ್ಯ ಹೇಳಬಹುದಿತ್ತು. ಸೋದರಮಾವ, "ಅಂದ್ರ ಹಿರಿಯರ ಲೆನ್ಸ್. ಅವರೇ ನೋಡಿ ಹೇಳಲಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಮಷಿನ್ ತಪ್ಪು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು.

ಎದ್ದು ಹೊರಗೆ ಹೋದೆ. ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ಲೆನ್ಸಿನ ಕಣ್ಣು ಸಣ್ಣ ಮಾಡಿ ಬುದ್ಧನ ಮೂಗಿಗೆ ಫೋಕಸ್ ಹಿಡಿದೆ. ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. "ಏನ್ ಶಾರ್ಪ್ ಬಂದದೋ ಮಾರಾಯ!" ಎಂದ ಒಬ್ಬ. ಇನ್ನೊಬ್ಬ ಚುರುಕಿನವನು, "ಹತ್ತಿರದ್ದೂ ಒಂದು ತಗೀರಿ" ಎಂದ. ಜೂಮ್ ಪೂರ್ತಿ ಹಿಂದಕ್ಕೆ ತಂದು, ಇಪ್ಪತ್ನಾಲ್ಕರಲ್ಲಿಟ್ಟು, ಮೇಜಿನ ಮೇಲಿನ ಚಹಾ ಗ್ಲಾಸಿನ ಫೋಟೋ ತೆಗೆದೆ. ಗ್ಲಾಸಿನ ಅಂಚಿನ ಮೇಲಿದ್ದ ನೊಣವೂ ಬಂತು. ಎಲ್ಲರೂ ನಕ್ಕರು.

ಆಮೇಲೆ ಲ್ಯಾಪ್‌ಟಾಪಿನಲ್ಲಿ ಜಲ್ವಾದ ಫೋಟೋ ತೆರೆದರು. ನೋಡಿದ ಕೂಡಲೇ ನನಗೆ ಎಲ್ಲ ಓದಲು ಬಂತು. ಮದುಮಗಳ ಮುಖ ಮಸುಕು; ಮುಖದ ಹಿಂದೆ, ಜಡೆಗೆ ಮುಡಿದ ಮಲ್ಲಿಗೆಯ ಮೊಗ್ಗು ಮೊಗ್ಗೂ ಸ್ಪಷ್ಟ. ನನ್ನ ಬೆಂಕಿಪೊಟ್ಟಣಗಳ ಹಾಗೆಯೇ. ನಡುವಿನದಕ್ಕೆ ಹಿಡಿದರೆ ಹಿಂದಿನದು.

ಆಗ ನಾನು ಹೇಳಿದೆ: "ಮಷಿನ್ ಸರಿ ಅದ. ಇವರು ಕನ್ನಡಿ ಅಂಚಿಗೆ ಫೋಕಸ್ ಹಿಡದಾರ. ಕನ್ನಡಿ ಒಳಗಿನ ಮುಖ ಕನ್ನಡಿ ಮ್ಯಾಲ ಇರಂಗಿಲ್ಲ, ಆಚಿಗೆ ಇರತದ. ಇದು ಕಲಿತವರು ಮಾಡೋ ತಪ್ಪಲ್ಲ."

ಆಕೆಯನ್ನು ಅಲ್ಲಿಯವರೆಗೆ ಬೇಟಿ ಎನ್ನುತ್ತಿದ್ದವನು ಅಂದು "ಇವರು" ಎಂದೆ.

ಆಕೆ ಲ್ಯಾಪ್‌ಟಾಪಿನ ಹತ್ತಿರ ಬಂದು ಬಾಗಿ ನೋಡಿದಳು. ಚಷ್ಮಾ ತೆಗೆದು ನೋಡಿದಳು. ಮೆಲ್ಲಗೆ ಕೇಳಿದಳು: "ಚಾಚಾ, ಕನ್ನಡಿ ಅಂಚೂ ಮಸುಕೇ ಅದ ಅಲ್ರಿ? ನಾ ಅಂಚಿಗಿ ಹಿಡದಿದ್ರ ಅಂಚು ಸಾಫ್ ಬರಬೇಕಿತ್ತಲ್ಲ?"

ಅಷ್ಟೇ ಸಾಕಿತ್ತು. ಯಾರಾದರೂ ಒಬ್ಬ ಆ ಮಾತು ಹಿಡಿದು ಕೇಳಿದ್ದರೆ ನಾನು ಮುಗಿದಿದ್ದೆ. ಆದರೆ ಸಭೆಗೆ ಚಹಾ ಆಗಿತ್ತು, ಊಟದ ಹೊತ್ತಾಗಿತ್ತು.

"ಹಂಗಾದ್ರ ಕೈ ನಡಗ್ಯಾವ," ಎಂದೆ. "ಕಣ್ಣೂ ಸರಿ ಇಲ್ಲ ಇವರಿಗಿ. ಚಷ್ಮಾ ನೋಡ್ರಿ."

ಎಲ್ಲರೂ ಆಕೆಯ ಕೈಯಲ್ಲಿದ್ದ ಚಷ್ಮಾ ನೋಡಿದರು. ಆಕೆ ಮತ್ತೆ ಅದನ್ನು ಹಾಕಿಕೊಂಡಳು. "ಹೌ ಚಾಚಾ," ಎಂದಳು. "ಇರಬೇಕು." ಸೋದರಮಾವನ ಕಡೆ ತಿರುಗಿ ಕೈ ಜೋಡಿಸಿದಳು: "ನನ್ನ ಕೈ ತಪ್ಪು. ಮಾಫ್ ಮಾಡ್ರಿ."

ಆಕೆ ಅಲ್ಲಿ ಕೇಳಿದ ಕ್ಷಮೆ ನನ್ನದಾಗಿತ್ತು.

ಒಂದು ತಿಂಗಳ ಮೇಲೆ ಲೆನ್ಸ್ ತಂದು ನನ್ನ ಕೌಂಟರಿನ ಮೇಲೆ ಇಟ್ಟಳು. "ಇಟ್ಕೊಳ್ರಿ ಚಾಚಾ. ಮದುವೆ ಕೆಲ್ಸ ಬಿಟ್ಟೀನಿ. ಚೀಜ್ ಚೊಲೋ ಅದ, ನನ್ನ ಕೈಯಾಗ ಹಾಳಾಗೋದು ಬ್ಯಾಡ." ಕೊಟ್ಟ ದುಡ್ಡನ್ನು ಮರಳಿ ಕೇಳಲಿಲ್ಲ. ನಾನು ಕೊಡಲು ಹೋದದ್ದನ್ನು ಮುಟ್ಟಲಿಲ್ಲ. ಅಂಗಡಿಯ ಹಿಂದೆಯೇ ಇದ್ದ ಮನೆಯಿಂದ ಹೆಂಡತಿ ಬಂದು ಆಕೆಗೆ ಚಹಾ ಕೊಟ್ಟಳು, ತಲೆ ಸವರಿದಳು, ಆಕೆ ಹೋಗುವವರೆಗೂ ನನ್ನ ಮುಖ ನೋಡಲಿಲ್ಲ. ಹೋದ ಮೇಲೆ ನೋಡಿದಳು.

"ಇದನ್ನ ಇನ್ನೊಬ್ಬರಿಗಿ ಮಾರಿದ್ರ ನಾ ಈ ಮನ್ಯಾಗ ಇರಂಗಿಲ್ಲ. ಹೋಗಿ ಹೇಳ್ರಿ ಆಕಿಗಿ. ಇವತ್ತ ಹೇಳ್ರಿ. ಬಸ್ ಸ್ಟ್ಯಾಂಡಿನ್ಯಾಗ ಇರತಾಳ ಇನ್ನ."

ಬಸ್ ಸ್ಟ್ಯಾಂಡಿನವರೆಗೆ ಹೋದೆ. ಶಹಾಪುರದ ಬಸ್ಸಿನ ಕಿಟಕಿಯಲ್ಲಿ ಆಕೆ ಕಂಡಳು. ಒಂದು ಸೋಡಾ ಕುಡಿದು ಮರಳಿ ಬಂದೆ. ಹೆಂಡತಿಗೆ, ಬಸ್ಸು ಹೋಗಿಬಿಟ್ಟಿತ್ತು ಎಂದೆ.

ಹೆಂಡತಿ ತೀರಿ ನಾಲ್ಕು ವರ್ಷವಾಯಿತು. ಲೆನ್ಸ್ ಕಪಾಟಿನಲ್ಲೇ ಇದೆ. ಕಣ್ಣಿನ ಆಪರೇಷನ್ ಆಗಿ ಹಸಿರು ಪಟ್ಟಿ ಬಿಚ್ಚಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಐದು ಬೆಂಕಿಪೊಟ್ಟಣ ತರಿಸಿ ಸಾಲಾಗಿ ನಿಲ್ಲಿಸಿದ್ದು. ಯಾಕೆ ಎಂದು ಕೇಳಿದರೆ ಹೇಳಲಾರೆ. ಈ ಹತ್ತು ವರ್ಷದಲ್ಲಿ ಗಾಜು ತಾನಾಗಿ ನೆಟ್ಟಗಾಗಿರಬಹುದು ಎಂಬ ಆಸೆ ಇತ್ತೋ ಏನೋ. ಬೀಪ್ ಎಂದಿತು. ಹಿಂದಿನ ಪೊಟ್ಟಣವೇ ಬಂತು.

ಮರುದಿನ ಶಹಾಪುರದ ಬಸ್ಸು ಹತ್ತಿದೆ. ಪಿಂಚಣಿ ಅರ್ಜಿಗೆ ಫೋಟೋ ಬೇಕು ಎಂಬ ನೆಪ ಜೊತೆಗಿತ್ತು. ಆಕೆ ತಹಶೀಲ ಕಚೇರಿಯ ಹತ್ತಿರ ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಒಳಗೆ ನೀಲಿ ಪರದೆ, ಪಾಸ್‌ಪೋರ್ಟ್ ಫೋಟೋ. ತಲೆಯ ಮುಂಭಾಗ ನರೆತಿದೆ. ಚಷ್ಮಾ ಹಾಗೇ ಇದೆ.

"ಅರೆ ಚಾಚಾ! ಎಷ್ಟು ವರ್ಷಾತ್ರಿ! ಕಣ್ಣಿನ ಆಪರೇಶನ್ ಆಗ್ಯದಂತಲ್ಲ? ಬರ್ರಿ, ಇಲ್ಲೇ ಕೂಡ್ರಿ. ಅಲ್ಲಲ್ಲ, ಸ್ಟೂಲ್ ಸರಸಬ್ಯಾಡ್ರಿ, ಅದು ಸರಿಯಂಗಿಲ್ಲ."

ಸ್ಟೂಲಿನ ಕಾಲುಗಳನ್ನು ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ದಳು. ಎದುರಿನ ಸ್ಟ್ಯಾಂಡಿನ ಕಾಲುಗಳೂ ಹಾಗೆಯೇ. ಕ್ಯಾಮೆರಾದ ಲೆನ್ಸಿನ ರಿಂಗಿಗೆ ಸುತ್ತಲೂ ಕರಿ ಟೇಪ್ ಅಂಟಿಸಿದ್ದಳು.

"ಟೇಪ್ ಯಾಕ ಬೇಟಿ?"

"ಒಮ್ಮಿ ಒಬ್ಬರ ಕಡಿಂದ ಫೋಕಸ್ ಹಿಡಿಸಿ ಟೇಪ್ ಹಚ್ಚಿಬಿಟ್ಟೀನ್ರಿ. ಸ್ಟೂಲೂ ಅಲ್ಲಾಡಂಗಿಲ್ಲ, ಇದೂ ಅಲ್ಲಾಡಂಗಿಲ್ಲ. ನನ್ನ ಕಣ್ಣಿಗಿ ಕೆಲ್ಸೇ ಇಲ್ಲ." ನಕ್ಕಳು. "ನೀವ ಹೇಳಿದ್ರಲ್ಲ, ಕಣ್ಣಿನ ಮ್ಯಾಲ ಭರೋಸಾ ಇಡಬ್ಯಾಡಂತ."

ನಾನು ಬಾಯಿ ತೆರೆದೆ.

"ಮಾತಾಡಬ್ಯಾಡ್ರಿ ಚಾಚಾ. ಬಾಯಿ ಮುಚ್ಚಿ ಸೀದಾ ನೋಡ್ರಿ."

ಮುಚ್ಚಿದೆ. ಅದು ನೆಪವಲ್ಲ ಎಂದು ನನಗೂ ಗೊತ್ತು. ಫೋಟೋ ತೆಗೆದ ಮೇಲೆ ಆಕೆ ಚಹಾ ತರಿಸಿದಳು. ಪ್ರಿಂಟ್ ಬರುವವರೆಗೆ ಅರ್ಧ ಗಂಟೆ ಕುಳಿತಿದ್ದೆ. ನನ್ನ ಹೆಂಡತಿಯನ್ನು ನೆನೆದು ಆಕೆ ಕಣ್ಣೊರೆಸಿಕೊಂಡಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ನಾನು ಮಾತಾಡಿದ್ದು ಬಿಸಿಲಿನ ಬಗ್ಗೆ, ಬಸ್ಸಿನ ಬಗ್ಗೆ, ಪಿಂಚಣಿ ಬಗ್ಗೆ. ಎಂಟು ಫೋಟೋ ಕೊಟ್ಟಳು. ಟೇಪ್ ಸುತ್ತಿದ ಲೆನ್ಸಿನಲ್ಲಿ ನನ್ನ ಮುಖ ಚೆನ್ನಾಗಿ ಬಂದಿದೆ. ಗಲ್ಲದ ಮೇಲಿನ ಗೀರು, ಕಣ್ಣಿನ ಕೆಳಗಿನ ಚೀಲ, ಎಲ್ಲ ಕಾಣುತ್ತದೆ. ಅವುಗಳಲ್ಲಿ ಒಂದು ಈ ಕಾಗದದ ಪಕ್ಕದಲ್ಲೇ ಇದೆ.

ಈಗ ಬರೆಯದೆ ಬಿಟ್ಟ ಮಾತು. ಅಂದು ಆ ಸಭೆ ನನ್ನ ಮಾತನ್ನು ಅಷ್ಟು ಬೇಗ ನಂಬಿದ್ದಕ್ಕೆ ಒಂದು ಕಾರಣವಿತ್ತು. ಆಕೆ ಯಾರ ಮಗಳೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆಕೆಯ ಬಗ್ಗೆಯೇ ಇವನು ಹೀಗೆ ಹೇಳುತ್ತಾನೆಂದರೆ ಸುಳ್ಳಿರಲಾರದು ಎಂದುಕೊಂಡರು. ಕನ್ನಡಿಯ ಪಾಠವನ್ನು ನಾನು ಕಲಿತದ್ದು ಇಪ್ಪತ್ತನೇ ವಯಸ್ಸಿನಲ್ಲಿ. ಆಕೆ ಕಲಿತದ್ದು ಏಳನೇ ವಯಸ್ಸಿನಲ್ಲಿ, ಅದೇ ಸ್ಟುಡಿಯೋದಲ್ಲಿ, ಅದೇ ಕನ್ನಡಿಯ ಮುಂದೆ, ಸ್ಟೂಲಿನ ಮೇಲೆ ನಿಂತು, ರಿಂಗಿನ ಮೇಲಿನ ಪುಟ್ಟ ಬೆರಳುಗಳ ಮೇಲೆ ತನ್ನ ತಂದೆ ಬೆರಳು ಇಟ್ಟು ತಿರುಗಿಸುತ್ತಿದ್ದಾಗ. ಪಕ್ಕದಲ್ಲಿ ಲೈಟ್ ಹಿಡಿದು ನಿಂತಿದ್ದವನು ನಾನು. ಅವತ್ತಿನಿಂದ ಆಕೆಗೆ ನಾನು ಚಾಚಾ.

ನಾನು ಕ್ಷಮೆ ಕೇಳದೆ ಉಳಿದದ್ದು ಆಕೆಯನ್ನು, ನನ್ನ ಉಸ್ತಾದರ ಒಬ್ಬಳೇ ಮಗಳನ್ನು.